ಜಗಲಿಯಿಂದ ಪಂಕ್ತಿಯವರೆಗೆ: ನಮ್ಮ ಸಭೆಯ ಬಾಗಿಲಿನ ಚರಿತ್ರೆ



ತಿಥಿಯನ್ನು ಮುಂದಾಗಿ ತಿಳಿಸದೆ ಬರುವವನು ಅತಿಥಿ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅಂಥವನಿಗೆ ತುಳುನಾಡಿನ ಮನೆಗಳಲ್ಲಿ ಸಲ್ಲುತ್ತಿದ್ದ ಮೊದಲ ಉಪಚಾರವೆಂದರೆ ಒಂದು ಚೂರು ಬೆಲ್ಲ, ಒಂದು ಚೆಂಬು ನೀರು. ಬಿಸಿಲಿನಲ್ಲಿ ನಡೆದು ಬಂದವನು ಜಗಲಿಯಲ್ಲಿ ಕುಳಿತು ಬಾಯಾರಿಕೆ ತೀರಿಸಿಕೊಂಡ ಮೇಲೆಯೇ ಊರು ಯಾವುದು, ಬಂದ ಕಾರ್ಯವೇನು ಎಂಬ ವಿಚಾರಣೆ. ಈ ಸಂಪ್ರದಾಯದ ಬಗ್ಗೆ ನಾವು ಹೆಮ್ಮೆಪಡುವುದು ಸಹಜವೇ ಆಗಿದೆ. ಆದರೆ ಅದೇ ಮನೆಗಳಲ್ಲಿ ಇನ್ನೊಂದು ಕ್ರಮವೂ ಇತ್ತು. ಜಗಲಿಗೆ ಬಂದವರೆಲ್ಲರೂ ಚಾವಡಿಯನ್ನು ಹತ್ತುವಂತಿರಲಿಲ್ಲ. ಚಾವಡಿಯನ್ನು ಹತ್ತಿದವರೆಲ್ಲರೂ ಊಟದ ಪಂಕ್ತಿಯಲ್ಲಿ ಕೂಡುವಂತಿರಲಿಲ್ಲ. ಕೆಲವರಿಗೆ ಅಂಗಳವೇ ಗಡಿಯಾಗಿತ್ತು. ಹೀಗೆ ಬೆಲ್ಲ ನೀರಿನಲ್ಲಿ ಆರಂಭವಾದ ಆದರವು ಎಲ್ಲಿ ಮುಗಿಯುತ್ತದೆಂಬುದನ್ನು ಬಂದವನ ಹುಟ್ಟು ನಿರ್ಧರಿಸುತ್ತಿತ್ತು.

ದೇವಾಲಯದ ಬಾಗಿಲಿಗೂ ಈ ಮಾತು ಅನ್ವಯಿಸುತ್ತದೆ. ಭಾನುವಾರದ ಆರಾಧನೆಗೆ ಹೊಸಬರೊಬ್ಬರು ಬಂದರೆ ನಾವು ನಗುಮುಖದಿಂದ ಕೈಮುಗಿದು, ಗೀತಪುಸ್ತಕವನ್ನು ಕೈಗಿತ್ತು, ಬೆಂಚು ತೋರಿಸುತ್ತೇವೆ. ಅದು ಜಗಲಿಯ ಉಪಚಾರ. ಅಲ್ಲಿಂದ ಮುಂದೆ, ನಮ್ಮ ಕುಟುಂಬ ಪ್ರಾರ್ಥನೆಗೆ, ಸ್ತ್ರೀಯರ ಸಂಘಕ್ಕೆ, ಯುವಜನರ ಕೂಟಕ್ಕೆ, ಮದುವೆ ಮರಣಗಳ ಸಂತೋಷ ದುಃಖಗಳಿಗೆ ಅವರು ಎಷ್ಟರಮಟ್ಟಿಗೆ ಬರಬಲ್ಲರು? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ನಮ್ಮ ಕರಾವಳಿಯ ಸಭೆಯ ಚರಿತ್ರೆಯ ಕೆಲವು ಪುಟಗಳನ್ನು ನೀವೂ ನನ್ನೊಂದಿಗೆ ತಿರುವಿ ನೋಡಬೇಕೆಂದು ವಿನಂತಿಸುತ್ತೇನೆ.

ಉಳ್ಳಾಲದ ರಾಣಿ ಕೇಳಿದ ಪ್ರಶ್ನೆ

ನೇತ್ರಾವತಿಯ ದಕ್ಷಿಣ ದಡದಲ್ಲಿರುವ ಉಳ್ಳಾಲವು ಚೌಟ ಅರಸರ ಕಾಲದಿಂದಲೂ ದೂರದೇಶದವರನ್ನು ಕಂಡ ಊರು. ಪೋರ್ಚುಗೀಸರನ್ನು ಎದುರಿಸಿದ ರಾಣಿ ಅಬ್ಬಕ್ಕನ ಹೆಸರು ನಮ್ಮ ಮಕ್ಕಳಿಗೂ ಗೊತ್ತು. ಆದರೆ ಉಳ್ಳಾಲದ ರಾಣಿಯೊಬ್ಬಳು ಶಸ್ತ್ರವಿಲ್ಲದೆ ಬಂದ ವಿದೇಶೀಯನೊಬ್ಬನನ್ನು ಹೇಗೆ ಮಾತನಾಡಿಸಿದಳೆಂಬುದು ಅಷ್ಟು ಪ್ರಸಿದ್ಧವಾಗಿಲ್ಲ. 1623ರ ಡಿಸೆಂಬರಿನಲ್ಲಿ ರೋಮ್ ನಗರದ ಪಿಯೆತ್ರೊ ದೆಲ್ಲಾ ವಾಲೆ ಎಂಬ ಪ್ರವಾಸಿ ಮಂಗಳೂರಿಗೆ ಬಂದಿದ್ದನು. ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನವನ್ನು ನೋಡಿಕೊಂಡು ಬಂದಿದ್ದ ಅವನಿಗೆ ಉಳ್ಳಾಲದ ರಾಣಿಯನ್ನು ಕಾಣುವ ಆಸೆಯಾಯಿತು. ಆಗ ಅವಳು ಮಣೇಲಿನಲ್ಲಿದ್ದಳು. ಅವನು ಅಲ್ಲಿಗೆ ಹೋದಾಗ ರಾಣಿಯು ಸಿಂಹಾಸನದ ಮೇಲಿರಲಿಲ್ಲ. ಹೊಲಗಳಿಗೆ ನೀರು ಹಾಯಿಸುವ ಕಾಲುವೆಗಳ ಕೆಲಸವನ್ನು ನೋಡಲೆಂದು ಬರಿಗಾಲಿನಲ್ಲಿ ನಡೆದು ಹೊರಟಿದ್ದಳು. ತಲೆಯ ಮೇಲೆ ತಾಳೆಗರಿಯ ಛತ್ರಿ, ಜೊತೆಗೆ ಕೆಲವೇ ಮಂದಿ ಪರಿವಾರದವರು.

ದಾರಿಯಲ್ಲಿಯೇ ನಿಂತು ಅವಳು ಆ ಪರದೇಶಿಯನ್ನು ಮಾತನಾಡಿಸಿದಳು. ಅವನ ದೇಶ ಯಾವುದೆಂದು ಕೇಳಿದಳು, ಅವನು ಕಂಡ ರಾಜ್ಯಗಳ ವಿಚಾರವನ್ನು ಕೇಳಿದಳು. ಅಷ್ಟಕ್ಕೇ ನಿಲ್ಲಿಸದೆ, ಹೀಗೆ ಮನೆಮಠ ಬಿಟ್ಟು ಲೋಕವನ್ನೆಲ್ಲ ತಿರುಗಲು ಕಾರಣವೇನು, ಪ್ರೀತಿಪಾತ್ರರನ್ನು ಕಳೆದುಕೊಂಡ ದುಃಖವೋ ಎಂಬರ್ಥದಲ್ಲಿ ವಿಚಾರಿಸಿದಳು. ಓದುಗರೇ, ಅವಳ ಊಹೆ ಸರಿಯಾಗಿತ್ತು. ದೆಲ್ಲಾ ವಾಲೆಯ ಯುವ ಪತ್ನಿ ಮಾನಿ ಎರಡು ವರ್ಷಗಳ ಹಿಂದೆ ಪರ್ಷಿಯದಲ್ಲಿ ತೀರಿಕೊಂಡಿದ್ದಳು. ಅವಳ ದೇಹವನ್ನು ಸ್ವದೇಶದಲ್ಲಿ ಸಮಾಧಿ ಮಾಡಬೇಕೆಂದು ಅವನು ಪೆಟ್ಟಿಗೆಯೊಂದರಲ್ಲಿರಿಸಿಕೊಂಡು ಪ್ರಯಾಣ ಮಾಡುತ್ತಿದ್ದನು. ಭಾಷೆ ಬೇರೆ, ಧರ್ಮ ಬೇರೆ, ನಡುವೆ ದುಭಾಷಿ. ಆದರೂ ನಮ್ಮ ನೆಲದ ಹೆಣ್ಣುಮಗಳೊಬ್ಬಳು ಬಂದವನ ಮುಖದಲ್ಲಿ ನೋವನ್ನು ಓದಿದಳು. ಅತಿಥಿಸತ್ಕಾರದ ಮರ್ಮ ಈ ಪ್ರಶ್ನೆಯಲ್ಲಿದೆ. ಬಂದವನು ಯಾರ ಮನೆಯವನು ಎಂಬುದು ವಿಚಾರಣೆ. ಅವನು ಏನನ್ನು ಹೊತ್ತು ಬಂದಿದ್ದಾನೆ ಎಂಬುದು ಸತ್ಕಾರ.

ಬಿಷಪ್ ಎಂಬ ಪದದೊಂದಿಗೆ ಬಂದ ಹೊಣೆ

ನಮ್ಮದು ಎಪಿಸ್ಕೋಪಲ್ ಸಭೆ, ಅಂದರೆ ಬಿಷಪರ ಮೇಲ್ವಿಚಾರಣೆಯಲ್ಲಿ ನಡೆಯುವ ಸಭೆ. ಈ ಪದದ ಮೂಲವಾದ ಗ್ರೀಕ್ ಶಬ್ದಕ್ಕೆ ಮೇಲ್ವಿಚಾರಕ ಎಂದರ್ಥ. ಪೌಲನ ಹೆಸರಿನಲ್ಲಿ ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯ ಮೂರನೆಯ ಅಧ್ಯಾಯದಲ್ಲಿ ಸಭಾಧ್ಯಕ್ಷನಿಗೆ ಇರಬೇಕಾದ ಗುಣಗಳನ್ನು ಎಣಿಸಿದಾಗ ಅತಿಥಿಸತ್ಕಾರವೂ ಅವುಗಳಲ್ಲೊಂದಾಗಿತ್ತು. ಅಲ್ಲಿ ಬಳಕೆಯಾದ ಗ್ರೀಕ್ ಮಾತಿನ ನೇರ ಅರ್ಥ ಪರಕೀಯರನ್ನು ಪ್ರೀತಿಸುವವನು ಎಂದು. ಪರಿಚಿತರನ್ನೂ ಬಂಧುಗಳನ್ನೂ ಉಪಚರಿಸಲು ಅಧ್ಯಕ್ಷಸ್ಥಾನ ಬೇಕಾಗಿಲ್ಲ. ಅಪರಿಚಿತನಿಗೆ ಸಭೆಯ ಬಾಗಿಲು ತೆರೆದಿದೆಯೇ ಎಂದು ನೋಡಿಕೊಳ್ಳುವುದೇ ಮೇಲ್ವಿಚಾರಕನ ಕೆಲಸಗಳಲ್ಲಿ ಒಂದಾಗಿತ್ತು.

ಇದು ಭೋಳೆತನದ ಉಪದೇಶವಾಗಿರಲಿಲ್ಲ. ಆದಿಸಭೆಯ ದಿದಾಖೆ ಎಂಬ ಪುರಾತನ ಬೋಧನಾಗ್ರಂಥವು ಕರ್ತನ ಹೆಸರಿನಲ್ಲಿ ಬರುವ ಪ್ರಯಾಣಿಕನನ್ನು ಸ್ವೀಕರಿಸಬೇಕೆಂದು ಹೇಳುತ್ತದೆ. ಅವನು ಎರಡು ಮೂರು ದಿನಗಳಿಗಿಂತ ಹೆಚ್ಚು ನಿಲ್ಲುವ ಅತಿಥಿಯಾಗಬಾರದೆಂದೂ, ಅಲ್ಲೇ ನೆಲಸಬೇಕೆಂದಿದ್ದರೆ ದುಡಿದು ಉಣ್ಣಲಿ ಎಂದೂ ಸೂಚಿಸುತ್ತದೆ. ಈ ಸೂಚನೆಯಲ್ಲಿ ಗಟ್ಟಿ ವಿವೇಕವಿದೆ. ಮೂರು ದಿನಗಳಾದ ಮೇಲೆ ಅತಿಥಿಯು ಅತಿಥಿಯಾಗಿಯೇ ಉಳಿಯುವುದಿಲ್ಲ. ಕೈಗೆ ಕೆಲಸ ಬರುತ್ತದೆ, ಮನೆಯ ಭಾರದಲ್ಲಿ ಪಾಲು ಬರುತ್ತದೆ. ಒಬ್ಬನನ್ನು ವರ್ಷಗಟ್ಟಲೆ ಅತಿಥಿಯೆಂದೇ ಕರೆಯುತ್ತಿದ್ದರೆ ಅವನನ್ನು ನಾವು ಜಗಲಿಯಲ್ಲಿಯೇ ಕೂರಿಸಿದ್ದೇವೆ ಎಂದು ತಿಳಿಯಬೇಕು.

ಅತಿಥಿಗಳಾಗಿ ಬಂದವರು

ಈಗ ನಮ್ಮ ಕರಾವಳಿಗೆ ಬರೋಣ. 1833ರಲ್ಲಿ ಬ್ರಿಟಿಷ್ ಸಂಸತ್ತು ಕಂಪೆನಿಯ ಸನ್ನದನ್ನು ನವೀಕರಿಸಿದಾಗ ಬ್ರಿಟಿಷರಲ್ಲದ ಮಿಷನರಿಗಳಿಗೂ ಭಾರತದಲ್ಲಿ ಕೆಲಸ ಮಾಡಲು ದಾರಿ ತೆರೆಯಿತು. ಮರುವರ್ಷವೇ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಮೂವರನ್ನು ಕಳುಹಿಸಿತು. ಸ್ಯಾಮುವೆಲ್ ಹೆಬಿಕ್, ಯೋಹಾನ್ ಕ್ರಿಸ್ತೋಫ್ ಲೆಹ್ನರ್ ಮತ್ತು ಕ್ರಿಶ್ಚಿಯನ್ ಗ್ರೈನರ್ ಎಂಬ ಈ ಮೂವರು 1834ರ ಅಕ್ಟೋಬರಿನಲ್ಲಿ ಕಲ್ಲಿಕೋಟೆಯಲ್ಲಿ ಇಳಿದು, ಆ ತಿಂಗಳ ಕೊನೆಗೆ ಮಂಗಳೂರನ್ನು ತಲಪಿದರು. ಅವರಿಗೆ ಇಲ್ಲಿ ಸ್ವಂತ ಮನೆಯಿರಲಿಲ್ಲ, ಸಭೆಯಿರಲಿಲ್ಲ, ಆಡಲು ಭಾಷೆಯೂ ಇರಲಿಲ್ಲ. ಮುಂದೆ ಮಿಷನಿನ ಕೇಂದ್ರವಾದ ಬಲ್ಮಠದ ಗುಡ್ಡದ ಆಸ್ತಿಯು 1840ರಲ್ಲಿ ಕಲೆಕ್ಟರ್ ಬ್ಲೇರ್ ಅವರ ಕೊಡುಗೆಯಾಗಿ ಬಂತು.

ಅದಕ್ಕಿಂತ ದೊಡ್ಡ ಕೊಡುಗೆಯನ್ನು ಈ ನಾಡಿನ ಜನ ಕೊಟ್ಟರು. ಅದು ಭಾಷೆ. ಮಿಷನರಿಗಳು ಮುನ್ಷಿಗಳ ಮುಂದೆ ಮಕ್ಕಳಂತೆ ಕುಳಿತು ಅಕ್ಷರ ತಿದ್ದಿದರು. ಸಂತೆಯಲ್ಲಿ, ಹೊಲದಲ್ಲಿ, ದೋಣಿಯಲ್ಲಿ ತಪ್ಪುತಪ್ಪಾಗಿ ಮಾತನಾಡಿ ಕಲಿತರು. 1841ರಲ್ಲಿ ಬಲ್ಮಠದಲ್ಲಿ ಕಲ್ಲಚ್ಚಿನ ಮುದ್ರಣಾಲಯ ಆರಂಭವಾಯಿತು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗರ ಸಂಪಾದಕತ್ವದಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಬಂತು. 1847ರಲ್ಲಿ ಗ್ರೈನರ್ ಮತ್ತು ಅಮ್ಮನ್ನರ ದುಡಿಮೆಯಿಂದ ತುಳುವಿನ ಹೊಸ ಒಡಂಬಡಿಕೆ ಸಿದ್ಧವಾಯಿತು. 1894ರಲ್ಲಿ ಕಿಟ್ಟೆಲರ ನಿಘಂಟು ಪ್ರಕಟವಾಯಿತು. ಇವುಗಳನ್ನು ಮಿಷನರಿಗಳು ನಮಗಿತ್ತ ಉಪಕಾರಗಳೆಂದು ನಾವು ಸ್ಮರಿಸುತ್ತೇವೆ, ಸ್ಮರಿಸಬೇಕಾದದ್ದೇ. ಆದರೆ ಅವುಗಳ ಹಿಂದೆ ಹೆಸರಿಲ್ಲದ ಅನೇಕ ಆತಿಥೇಯರು ನಿಂತಿದ್ದಾರೆ. ತಮ್ಮ ಮತವನ್ನು ಸೇರದವನಿಗೂ ತಮ್ಮ ಗಾದೆಗಳನ್ನೂ ಪಾಡ್ದನದ ಮಾತುಗಳನ್ನೂ ಬಿಚ್ಚುಮನಸ್ಸಿನಿಂದ ಹೇಳಿಕೊಟ್ಟ ಜನರು ಅವರು. ನಮ್ಮ ಸಭೆಯು ಈ ನೆಲದಲ್ಲಿ ಮೊದಲು ಅತಿಥಿಯಾಗಿತ್ತು. ಬೆಲ್ಲ ನೀರು ಕುಡಿದ ಮೇಲೆಯೇ ಅದು ಮಾತು ಕಲಿತದ್ದು.

ಆಶ್ರಯವು ಆವರಣವಾದ ಬಗೆ

ಅತಿಥಿಯಾಗಿದ್ದವರು ಆತಿಥೇಯರಾಗಬೇಕಾದ ಕಾಲ ಬೇಗನೆ ಬಂತು. 1844ರ ಜನವರಿಯಲ್ಲಿ ಮಿಷನ್ ಶಾಲೆಯ ವಿದ್ಯಾರ್ಥಿಯಾಗಿದ್ದ ಆನಂದರಾವ್ ಕೌಂಡಿನ್ಯ ಮತ್ತು ಅವರ ಇಬ್ಬರು ಗೆಳೆಯರು ದೀಕ್ಷಾಸ್ನಾನ ಹೊಂದಿದಾಗ ಊರಿನಲ್ಲಿ ದೊಡ್ಡ ಕೋಲಾಹಲವೆದ್ದಿತು. ಆ ಯುವಕರಿಗೆ ತವರಿನ ಬಾಗಿಲು ಮುಚ್ಚಿತು. ಇದು ಪ್ರಸಿದ್ಧ ಪ್ರಕರಣ. ಪ್ರಸಿದ್ಧರಲ್ಲದ ನೂರಾರು ಮಂದಿಗೂ ಇದೇ ಪಾಡು ಬಂತು. ಅವರಲ್ಲಿ ಬಹಳ ಮಂದಿ ಶೇಂದಿ ಇಳಿಸುವ, ಗೇಣಿಗೆ ದುಡಿಯುವ ಬಿಲ್ಲವ ಕುಟುಂಬಗಳಿಂದ ಬಂದವರು. ಸಭೆಗೆ ಸೇರಿದವರಿಗೆ ಒಕ್ಕಲುತನ ತಪ್ಪುತ್ತಿತ್ತು, ಬಾವಿ ತಪ್ಪುತ್ತಿತ್ತು, ಬಂಧುಗಳ ಪಂಕ್ತಿ ತಪ್ಪುತ್ತಿತ್ತು. ಇಂಥವರಿಗೆ ಭಾನುವಾರದ ಸ್ವಾಗತ ಮಾತ್ರ ಸಾಕಾಗುವುದೇ? ಸೋಮವಾರದ ಗಂಜಿಯೂ ಬೇಕಲ್ಲವೇ?

ಆದುದರಿಂದಲೇ ಮಿಷನ್ ನೇಯ್ಗೆಯ ಮಗ್ಗಗಳನ್ನು ಹೂಡಿತು; ಮುದ್ರಣಾಲಯದಲ್ಲಿ ಕೆಲಸ ಕಲಿಸಿತು; 1865ರಲ್ಲಿ ಗಿಯೋರ್ಗ್ ಪ್ಲೆಬ್ಸ್ಟರ ಪ್ರಯತ್ನದಿಂದ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭವಾಯಿತು. ಉಳ್ಳಾಲದ ದಡದಲ್ಲಿ ನಿಂತರೆ ನದಿಯಾಚೆ ಕಾಣುವುದೇ ಜೆಪ್ಪುವಿನ ಭಾಗ. ನೇತ್ರಾವತಿಯ ಎರಡೂ ಮಗ್ಗುಲಿನ ಜೇಡಿಮಣ್ಣು ದೋಣಿಗಳಲ್ಲಿ ಸಾಗಿ, ಒಲೆಯಲ್ಲಿ ಬೆಂದು, ಮಂಗಳೂರು ಹೆಂಚೆಂಬ ಹೆಸರಿನಿಂದ ದೇಶವಿದೇಶಗಳ ಮಾಡುಗಳನ್ನು ಏರಿತು. ಮನೆಯಿಂದ ಹೊರಬಿದ್ದವರ ಕೈಗಳೇ ಇತರರ ಮನೆಗಳಿಗೆ ಮಾಡು ಹೊದಿಸಿದವು. ಸಭೆಯೊಳಗೆ ಜಾತಿಭೇದಕ್ಕೆ ಎಡೆಯಿಲ್ಲವೆಂಬ ನಿಲುವನ್ನು ಬಾಸೆಲ್ ಮಿಷನ್ ಬಿಗಿಯಾಗಿ ಹಿಡಿಯಿತು. ಅಂಗಳದಲ್ಲಿಯೇ ನಿಂತು ರೂಢಿಯಾಗಿದ್ದವನು ಒಂದೇ ಬೆಂಚಿನಲ್ಲಿ ಕುಳಿತು, ಒಂದೇ ಪಾತ್ರೆಯಿಂದ ಪ್ರಭುಭೋಜನದ ರಸವನ್ನು ಕುಡಿದನು. ಜಗಲಿಯಿಂದ ಪಂಕ್ತಿಯವರೆಗಿನ ದೂರವನ್ನು ನಮ್ಮ ಪೂರ್ವಿಕರು ಒಂದೇ ತಲೆಮಾರಿನಲ್ಲಿ ದಾಟಿದರು.

ಆದರೆ ಚರಿತ್ರೆಯನ್ನು ಪೂರ್ತಿಯಾಗಿ ಓದಬೇಕು. ಹೊರದೂಡಲ್ಪಟ್ಟವರಿಗೆ ನೆರಳಾಗಲೆಂದು ಕಟ್ಟಿದ ಮಿಷನ್ ಕಂಪೌಂಡು ಕಾಲಕ್ರಮದಲ್ಲಿ ತನ್ನದೇ ಗೋಡೆಗಳನ್ನು ಬೆಳೆಸಿಕೊಂಡಿತು. ಒಳಗಿನವರೆಲ್ಲ ಪರಸ್ಪರ ಸಂಬಂಧಿಗಳಾದರು; ಶಾಲೆ, ಕೆಲಸ, ಮದುವೆ, ಸ್ಮಶಾನ ಎಲ್ಲವೂ ಒಂದೇ ಆವರಣದೊಳಗೆ ನಡೆದವು. ಇದರಿಂದ ಒಗ್ಗಟ್ಟು ಬಂತು, ಶಿಸ್ತು ಬಂತು, ವಿದ್ಯೆ ಬಂತು. ಜೊತೆಗೆ ಒಂದು ಹೊಸ ಮನೆತನವೂ ಹುಟ್ಟಿತು. ಹೊಸಬನನ್ನು ಕಂಡಾಗ 'ನೀವು ಯಾರ ಮನೆಯವರು? ಯಾವ ಸಭೆಯವರು?' ಎಂದು ಕೇಳುವ ನಮ್ಮ ಅಭ್ಯಾಸವು ಅಂದಿನಿಂದ ಬಂದದ್ದು. ಈ ಪ್ರಶ್ನೆಗೆ ಉತ್ತರವುಳ್ಳವನು ಕೂಡಲೇ ನಮ್ಮವನಾಗುತ್ತಾನೆ. ಉತ್ತರವಿಲ್ಲದವನು ಆರಾಧನೆ ಮುಗಿದೊಡನೆ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋಗುತ್ತಾನೆ. ಯಾರ ಮನೆಗೂ ಸೇರದವರಾಗಿ ಬಂದವರ ಮೊಮ್ಮಕ್ಕಳು ಹೀಗೆ ಕೇಳುವುದು ಎಂಥ ವಿಪರ್ಯಾಸ!

ಒಂದೇ ಊರಿನ ಎರಡು ಬಾಗಿಲುಗಳು

ಅದೇ ಕಾಲದ ಮಂಗಳೂರಿನಲ್ಲಿ ಇನ್ನೊಂದು ದೇವಾಲಯವೂ ಇತ್ತು. ಇಂದಿನ ನೆಹರೂ ಮೈದಾನದ ಬಳಿಯ ಸಂತ ಪೌಲರ ದೇವಾಲಯವು 1840ರ ದಶಕದ ಆರಂಭದಲ್ಲಿ ಎದ್ದಿತು. ಅದು ಆಂಗ್ಲಿಕನ್ ದೇವಾಲಯ. ಕಂಪೆನಿಯ ಅಧಿಕಾರಿಗಳೂ ಸೈನಿಕರೂ ಇಂಗ್ಲಿಷಿನಲ್ಲಿ ಪ್ರಾರ್ಥಿಸುತ್ತಿದ್ದ ಸ್ಥಳ. ಅಲ್ಲಿ ಬಿಷಪರೂ ಇದ್ದರು, ಪ್ರಾರ್ಥನಾ ಪುಸ್ತಕವೂ ಇತ್ತು. ಅಲ್ಲಿಂದ ನಡೆದು ಹೋಗುವಷ್ಟು ದೂರದ ಬಲ್ಮಠದಲ್ಲಿ, ಇಂದು ಶಾಂತಿ ಕೆಥೆಡ್ರಲ್ ಎಂದು ಕರೆಯಲ್ಪಡುವ 1862ರ ದೇವಾಲಯದಲ್ಲಿ, ಬಿಷಪರಿಲ್ಲದ ಬಾಸೆಲ್ ಮಿಷನ್ ಸಭೆಯು ಸಭಾಪಾಲಕರು ಮತ್ತು ಹಿರಿಯರ ಮುಂದಾಳುತನದಲ್ಲಿ ಕನ್ನಡದಲ್ಲಿ ಹಾಡುತ್ತಿತ್ತು. ಇಬ್ಬರ ಕರ್ತನೂ ಒಬ್ಬನೇ. ಆದರೂ ಒಂದು ಶತಮಾನದ ಕಾಲ ಈ ಎರಡು ಸಭೆಗಳು ಪರಸ್ಪರ ನೆರೆಯವರಾಗಿದ್ದವೇ ಹೊರತು ಒಂದೇ ಮನೆಯವರಾಗಿರಲಿಲ್ಲ.

ಬಾಗಿಲಿನ ಈ ಪ್ರಶ್ನೆ ನಮ್ಮೊಬ್ಬರದಲ್ಲ. ಅಮೆರಿಕದ ಎಪಿಸ್ಕೋಪಲ್ ದೇವಾಲಯಗಳ ಹೊರಗೆ, ಊರೂರ ರಸ್ತೆ ಬದಿಗಳಲ್ಲಿ, ಎಪಿಸ್ಕೋಪಲ್ ಸಭೆಯು ನಿಮ್ಮನ್ನು ಸ್ವಾಗತಿಸುತ್ತದೆ ಎಂಬ ಫಲಕಗಳನ್ನು ಕಾಣಬಹುದು. ಆ ಫಲಕಕ್ಕೆ ಅರ್ಥ ತುಂಬಿದವರಲ್ಲಿ ಅಬ್ಸಲೋಮ್ ಜೋನ್ಸ್ ಎಂಬವರೂ ಒಬ್ಬರು. ಗುಲಾಮರಾಗಿ ಹುಟ್ಟಿದ ಅವರೂ ಅವರ ಸಂಗಡಿಗರಾದ ಕರಿಯ ಜನರೂ ಫಿಲಡೆಲ್ಫಿಯದ ಒಂದು ಮೆಥಡಿಸ್ಟ್ ದೇವಾಲಯದಲ್ಲಿ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದಾಗ, ಆ ಸ್ಥಳ ನಿಮ್ಮದಲ್ಲವೆಂದು ಎಬ್ಬಿಸಲ್ಪಟ್ಟರು. ಅವರು ಹೊರನಡೆದರು. 1794ರಲ್ಲಿ ತಮ್ಮದೇ ದೇವಾಲಯವನ್ನು ಪ್ರತಿಷ್ಠಿಸಿ, ಎಪಿಸ್ಕೋಪಲ್ ಸಭೆಯನ್ನು ಸೇರಿಕೊಂಡರು. ಮುಂದೆ ಜೋನ್ಸರು ಆ ಸಭೆಯ ಮೊದಲ ಕರಿಯ ಯಾಜಕರಾದರು. ಒಳಗೆ ಬಿಡುವುದೂ ಒಳಗಿನವರೆಂದು ಎಣಿಸುವುದೂ ಒಂದೇ ಅಲ್ಲವೆಂಬುದನ್ನು ಈ ಘಟನೆಯು ಮರೆಯದಂತೆ ಕಲಿಸುತ್ತದೆ.

ಸ್ನೇಹವನ್ನು ಬೇಡಿದವರು

ಇದೇ ಮಾತನ್ನು ನಮ್ಮ ದೇಶದವರೊಬ್ಬರು ಲೋಕದ ಮುಂದೆ ಹೇಳಿದರು. 1910ರಲ್ಲಿ ಎಡಿನ್‌ಬರೋದಲ್ಲಿ ನಡೆದ ಲೋಕ ಮಿಷನರಿ ಸಮ್ಮೇಳನದಲ್ಲಿ ವಿ. ಎಸ್. ಅಜರಯ್ಯನವರು ಮಾತನಾಡಿದರು. ಮಿಷನರಿಗಳ ತ್ಯಾಗವನ್ನು ಅವರು ಅಲ್ಲಗಳೆಯಲಿಲ್ಲ. ಭಾರತದ ಸಭೆ ಅದಕ್ಕಾಗಿ ಸದಾ ಕೃತಜ್ಞವಾಗಿರುವುದೆಂದರು. ಆದರೆ ಮಿಷನರಿಗೂ ಭಾರತೀಯ ಸಹೋದ್ಯೋಗಿಗೂ ನಡುವೆ ಒಡನಾಡುವ, ಒಂದೇ ಮೇಜಿನಲ್ಲಿ ಉಣ್ಣುವ ಸಲಿಗೆ ಬೆಳೆದಿಲ್ಲವೆಂದು ನೊಂದು ನುಡಿದರು. ಕೊನೆಗೆ ಅವರು ಬೇಡಿದ್ದು ಹಣವನ್ನಲ್ಲ, ಅಧಿಕಾರವನ್ನಲ್ಲ, ಸ್ನೇಹವನ್ನು. ಸಭೆಯಲ್ಲಿದ್ದ ಅನೇಕರಿಗೆ ಆ ಮಾತು ಚುಚ್ಚಿತು. ಎರಡು ವರ್ಷಗಳ ಬಳಿಕ, 1912ರಲ್ಲಿ, ಅವರು ದೋರ್ನಕಲ್ಲಿನ ಬಿಷಪರಾಗಿ ಅಭಿಷಿಕ್ತರಾದರು; ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪರು ಅವರೇ.

ದಕ್ಷಿಣ ಭಾರತದ ಸಭೆಗಳು ಒಂದಾಗಬೇಕೆಂದು ಅಜರಯ್ಯನವರು ಬಾಳಿನುದ್ದಕ್ಕೂ ದುಡಿದರು. ಫಲ ಕಾಣುವ ಮೊದಲೇ, 1945ರಲ್ಲಿ ತೀರಿಕೊಂಡರು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸಂತ ಜಾರ್ಜರ ಕೆಥೆಡ್ರಲಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಹಾಗೂ ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಮೂಲದ ಸಭೆಗಳು ಸೇರಿ ದಕ್ಷಿಣ ಭಾರತ ಸಭೆಯಾಯಿತು. ಬಿಷಪರ ಕೈಯಿಂದ ಅಭಿಷೇಕ ಹೊಂದದಿದ್ದ ಸಭಾಪಾಲಕರನ್ನೂ ಮರು ಅಭಿಷೇಕವಿಲ್ಲದೆ ಸಮಾನರೆಂದು ಅಂಗೀಕರಿಸಲಾಯಿತು. ಇದು ಸಣ್ಣ ನಿರ್ಧಾರವಾಗಿರಲಿಲ್ಲ. ಆಂಗ್ಲಿಕನ್ ಲೋಕದ ಅನೇಕರಿಗೆ ಅದು ಒಪ್ಪಿಗೆಯಾಗಲಿಲ್ಲ. 1948ರ ಲ್ಯಾಂಬೆತ್ ಸಮ್ಮೇಳನದಲ್ಲಿ ಬಿಷಪರು ಒಮ್ಮತಕ್ಕೆ ಬರಲಾಗಲಿಲ್ಲ. ದಶಕಗಳ ಕಾಲ ನಮ್ಮ ಸಭೆ ಆಂಗ್ಲಿಕನ್ ಮನೆಯ ಜಗಲಿಯಲ್ಲಿಯೇ ಕುಳಿತಿತ್ತೆಂದರೆ ತಪ್ಪಾಗದು. ಇಂದು ಅದು ಆ ಒಕ್ಕೂಟದ ಪೂರ್ಣ ಸದಸ್ಯ ಸಭೆ. ಕಾಯಿಸಲ್ಪಡುವುದರ ನೋವನ್ನು ನಾವು ಪುಸ್ತಕ ಓದಿ ತಿಳಿಯಬೇಕಾಗಿಲ್ಲ.

ದಕ್ಷಿಣ ಕನ್ನಡದ ಬಾಸೆಲ್ ಮಿಷನ್ ಪರಂಪರೆಯ ಬಹುತೇಕ ಸಭೆಗಳು ದೀರ್ಘ ಆಲೋಚನೆಯ ಬಳಿಕ 1960ರ ದಶಕದ ಕೊನೆಯಲ್ಲಿ ಈ ಐಕ್ಯಕ್ಕೆ ಬಂದವು. 1970ರ ಸುಮಾರಿಗೆ ಮೈಸೂರು ಡಯಾಸಿಸ್ ಮೂರಾಗಿ ವಿಭಾಗವಾದಾಗ ಮಂಗಳೂರು ಕೇಂದ್ರವಾಗಿ ಕರ್ನಾಟಕ ದಕ್ಷಿಣ ಡಯಾಸಿಸ್ ರೂಪುಗೊಂಡಿತು. ಮೈದಾನದ ಬಳಿಯ ಸಂತ ಪೌಲರ ದೇವಾಲಯವೂ ಬಲ್ಮಠದ ಶಾಂತಿ ದೇವಾಲಯವೂ ಒಂದೇ ಬಿಷಪರ ಕೆಳಗಿನ ಸೋದರ ಸಭೆಗಳಾದವು. ನೂರು ವರ್ಷಗಳಿಗೂ ಮಿಕ್ಕಿ ಪರಸ್ಪರ ಅತಿಥಿಗಳಾಗಿದ್ದವರು ಕೊನೆಗೆ ಒಂದೇ ಪಂಕ್ತಿಗೆ ಬಂದರು.

ಕೈಯಿಂದ ಕೈಗೆ ಸಮಾಧಾನ

ಈ ಐಕ್ಯವು ಲೋಕಕ್ಕೆ ಒಂದು ಕಾಣಿಕೆಯನ್ನೂ ಕೊಟ್ಟಿತು. ಅದನ್ನು ನೀವು ಪ್ರಭುಭೋಜನದ ಆರಾಧನೆಯಲ್ಲಿ ಕೈಯಾರೆ ಮುಟ್ಟುತ್ತೀರಿ. 1950ರಲ್ಲಿ ದಕ್ಷಿಣ ಭಾರತ ಸಭೆಯು ತನ್ನ ಪ್ರಭುಭೋಜನದ ಹೊಸ ಆರಾಧನಾಕ್ರಮವನ್ನು ಬಳಕೆಗೆ ತಂದಿತು. ಅದನ್ನು ಸಿದ್ಧಪಡಿಸಿದ ಸಮಿತಿಯ ಸಂಚಾಲಕರು ತಿರುವನಂತಪುರದ ದೇವಜ್ಞಾನ ವಿದ್ಯಾಲಯದಲ್ಲಿದ್ದ ಲೆಸ್ಲಿ ಬ್ರೌನ್ ಎಂಬವರು. ಎರಡನೆಯ ಶತಮಾನದ ಹುತಾತ್ಮ ಜಸ್ಟಿನನ ಬರಹದಲ್ಲಿಯೇ ಆರಾಧಕರು ಪರಸ್ಪರ ಸಮಾಧಾನದ ವಂದನೆ ಕೊಡುತ್ತಿದ್ದ ಉಲ್ಲೇಖವಿದೆ. ಪಾಶ್ಚಾತ್ಯ ಸಭೆಗಳಲ್ಲಿ ಆ ಪದ್ಧತಿಯು ಯಾಜಕರ ನಡುವಿನ ಔಪಚಾರಿಕ ಕ್ರಿಯೆಯಾಗಿ ಸೊರಗಿತ್ತು. ಆಂಗ್ಲಿಕನ್ ಪ್ರಾರ್ಥನಾ ಪುಸ್ತಕದಲ್ಲಂತೂ ಉಳಿದಿರಲೇ ಇಲ್ಲ. ಆದರೆ ಕೇರಳದ ಸಿರಿಯನ್ ಕ್ರೈಸ್ತರಲ್ಲಿ ಸಮಾಧಾನವನ್ನು ಕೈಯಿಂದ ಕೈಗೆ ಸಾಗಿಸುವ ಪುರಾತನ ರೂಢಿ ಜೀವಂತವಾಗಿತ್ತು. ಅಲ್ಲಿಂದ ಅದು ನಮ್ಮ ಆರಾಧನಾಕ್ರಮಕ್ಕೆ ಬಂತು.

ಅದರ ರೀತಿಯನ್ನು ಗಮನಿಸಿರಿ. ಕೊಡುವವನು ತನ್ನ ಬಲಗೈಯ ಅಂಗೈಯನ್ನು ಪಡೆಯುವವನ ಬಲಗೈಯ ಅಂಗೈಗೆ ಸೇರಿಸುತ್ತಾನೆ. ಇಬ್ಬರೂ ಎಡಗೈಯಿಂದ ಇನ್ನೊಬ್ಬರ ಬಲಗೈಯನ್ನು ಮುಚ್ಚುತ್ತಾರೆ. ಮೇಜಿನ ಬಳಿಯಿಂದ ಹೊರಟ ಸಮಾಧಾನವು ಸಾಲಿನಿಂದ ಸಾಲಿಗೆ, ಕೊನೆಯ ಬೆಂಚಿನವರೆಗೆ ಬರುತ್ತದೆ. ಮುಟ್ಟಿದರೆ ಮೈಲಿಗೆಯೆಂದಿದ್ದ ನಾಡಿನಲ್ಲಿ, ಯಾರ ಕೈಯನ್ನು ಯಾರು ಹಿಡಿಯಬಹುದೆಂಬ ಲೆಕ್ಕವು ಹೀಗೆ ಆರಾಧನೆಯ ನಡುವೆಯೇ ಅಳಿಸಿಹೋಗುತ್ತದೆ. ಪಕ್ಕದಲ್ಲಿರುವವನು ಇಂದೇ ಮೊದಲ ಬಾರಿ ಬಂದವನಾದರೂ ಅವನಿಂದಲೇ ನೀವು ಸಮಾಧಾನವನ್ನು ಪಡೆಯಬೇಕು, ಅವನಿಗೇ ಕೊಡಬೇಕು.

ಮುಂದಿನ ದಶಕಗಳಲ್ಲಿ ಅನೇಕ ಸಭೆಗಳು ತ​ಮ್ಮ ಆರಾಧನೆಯನ್ನು ಪರಿಷ್ಕರಿಸಿದಾಗ ದಕ್ಷಿಣ ಭಾರತದ ಈ ಮಾದರಿಯನ್ನು ಆಸ್ಥೆಯಿಂದ ಅಭ್ಯಾಸ ಮಾಡಿದವು. ಅಮೆರಿಕದ ಎಪಿಸ್ಕೋಪಲ್ ಸಭೆಯ 1979ರ ಪ್ರಾರ್ಥನಾ ಪುಸ್ತಕದಲ್ಲಿಯೂ ಇಂಗ್ಲೆಂಡಿನ ಸಭೆಯ 1980ರ ಪರ್ಯಾಯ ಆರಾಧನಾ ಪುಸ್ತಕದಲ್ಲಿಯೂ ಸಮಾಧಾನದ ವಂದನೆಗೆ ಸ್ಥಾನ ಬಂತು. ಜಗಲಿಯಲ್ಲಿ ಕಾಯುತ್ತಿದ್ದ ಸಭೆಯು ಒಳಮನೆಯವರಿಗೆ ಕೈಹಿಡಿದು ವಂದಿಸುವುದನ್ನು ಕಲಿಸಿತು! ಇಂದು ಉಳ್ಳಾಲದ ಯುವಕನೊಬ್ಬ ದೂರದ ನಗರದಲ್ಲಿ ಒಂಟಿಯಾಗಿ ದೇವಾಲಯವೊಂದನ್ನು ಹೊಕ್ಕಾಗ, ಅಪರಿಚಿತರು ತಿರುಗಿ ಅವನ ಕೈಹಿಡಿದರೆ, ಆ ವಂದನೆಯಲ್ಲಿ ಅವನ ತಾಯಿಸಭೆಯ ಪಾಲೂ ಇದೆ.

ಇಂದಿನ ಉಳ್ಳಾಲದಲ್ಲಿ

ಸೇತುವೆ ದಾಟಿ ತೊಕ್ಕೊಟ್ಟಿಗೆ ಬಂದರೆ ಸುತ್ತಮುತ್ತ ಎಷ್ಟೊಂದು ಬಾಗಿಲುಗಳು! ಪೆರ್ಮನ್ನೂರಿನ ಸಂತ ಸೆಬಾಸ್ಟಿಯನ್ನರ ದೇವಾಲಯ, ಸೋಮೇಶ್ವರದ ಸೋಮನಾಥ, ಮೊಗವೀರರ ಭಜನಾ ಮಂದಿರಗಳು, ಐದು ವರ್ಷಗಳಿಗೊಮ್ಮೆ ಉರೂಸ್ ನಡೆಯುವ ಸೈಯದ್ ಮದನಿ ದರ್ಗಾ. ಉರೂಸಿನ ದಿನಗಳಲ್ಲಿ ಊರಿಗೆ ಬರುವ ಜನಸಾಗರವನ್ನು ಕಂಡವರಿಗೆ ಆತಿಥ್ಯವೆಂಬುದು ಯಾವ ಒಂದು ಮತದ ಸೊತ್ತೂ ಅಲ್ಲವೆಂಬುದು ತಿಳಿದಿರುತ್ತದೆ.

ಬರುವವರೂ ಈಗ ಬದಲಾಗಿದ್ದಾರೆ. 1980ರಲ್ಲಿ ಕೊಣಾಜೆಯಲ್ಲಿ ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ದೇರಳಕಟ್ಟೆಯಲ್ಲಿ ವೈದ್ಯಕೀಯ ಕಾಲೇಜುಗಳೂ ಆಸ್ಪತ್ರೆಗಳೂ ಬೆಳೆದವು. ಕೇರಳದಿಂದ, ಈಶಾನ್ಯ ರಾಜ್ಯಗಳಿಂದ ವಿದ್ಯಾರ್ಥಿಗಳು ಬರುತ್ತಾರೆ. ರೋಗಿಯ ಹಾಸಿಗೆಯ ಬಳಿ ವಾರಗಟ್ಟಲೆ ಕುಳಿತ ಬಂಧುಗಳು ಒಂದು ಗಂಟೆಯ ಪ್ರಾರ್ಥನೆಗಾಗಿ ದೇವಾಲಯ ಎಲ್ಲಿದೆಯೆಂದು ಕೇಳುತ್ತಾರೆ. ಉತ್ತರ ಕರ್ನಾಟಕದ, ಜಾರ್ಖಂಡಿನ, ಅಸ್ಸಾಮಿನ ಕೆಲಸಗಾರರು ಕಟ್ಟಡಗಳಲ್ಲಿಯೂ ಮೀನಿನ ಘಟಕಗಳಲ್ಲಿಯೂ ದುಡಿಯುತ್ತಾರೆ. ಇವರಲ್ಲಿ ಕ್ರೈಸ್ತರೂ ಇದ್ದಾರೆ. ಯಾರ ಮನೆಯವರು ಎಂಬ ನಮ್ಮ ಪ್ರಶ್ನೆಗೆ ಇವರಾರ ಬಳಿಯೂ ಉತ್ತರವಿಲ್ಲ. ಇವರಿಗೆ ಬೇಕಾದದ್ದು ಉಳ್ಳಾಲದ ರಾಣಿಯ ಪ್ರಶ್ನೆ.

ಭಯದ ಮಾತನ್ನೂ ಮರೆಮಾಚಬಾರದು. 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನಲ್ಲಿಯೂ ಸುತ್ತಲೂ ಪ್ರಾರ್ಥನಾಲಯಗಳ ಮೇಲೆ ದಾಳಿಗಳು ನಡೆದವು. ಅಂದಿನಿಂದ ಗೇಟುಗಳಿಗೆ ಬೀಗ ಬಂತು, ಕ್ಯಾಮೆರಾ ಬಂತು. ಹೊಸ ಮುಖವನ್ನು ಕಂಡರೆ ಮೊದಲು ಸಂಶಯ, ಆಮೇಲೆ ನಮಸ್ಕಾರ ಎಂಬಂತಾಯಿತು. ಎಚ್ಚರ ಬೇಡವೆಂದು ಯಾರೂ ಹೇಳಲಾರರು. ಮಕ್ಕಳಿರುವ ಮನೆಯಲ್ಲಿ ಬಾಗಿಲಿಗೆ ಅಗಳಿ ಇರಲೇಬೇಕು. ಆದರೆ ಭಯವೇ ದ್ವಾರಪಾಲಕನಾದರೆ, ನಮ್ಮ ಮೇಲೆ ದ್ವೇಷ ಸಾಧಿಸಿದವರು ಹೊರಗೆ ನಿಂತುಕೊಂಡೇ ನಮ್ಮ ಆರಾಧನೆಯ ಕ್ರಮವನ್ನು ಬದಲಿಸಿದಂತಾಗುವುದಿಲ್ಲವೇ? ಇತರ ಧರ್ಮಗಳ ನೆರೆಯವರು ಕ್ರಿಸ್ಮಸ್ಸಿಗೋ ಮದುವೆಗೋ ಶವಸಂಸ್ಕಾರಕ್ಕೋ ಬಂದಾಗ ಅವರ ನಂಬಿಕೆಯನ್ನು ಗೌರವಿಸಿ, ಏನನ್ನೂ ಬಯಸದೆ ಆದರಿಸುವುದು ಅತಿಥಿಧರ್ಮ. ಬೆಲ್ಲ ನೀರು ಕೊಟ್ಟವರು ನಮ್ಮಿಂದ ಏನನ್ನೂ ಕೇಳಿರಲಿಲ್ಲ.

ಮಾಡಬೇಕಾದ ಕೆಲಸಗಳು ದೊಡ್ಡವಲ್ಲ. ನಮ್ಮ ಆರಾಧನೆಗೆ ನಿಶ್ಚಿತ ಕ್ರಮವಿದೆ; ಯಾವಾಗ ನಿಲ್ಲಬೇಕು, ಯಾವಾಗ ಕುಳಿತುಕೊಳ್ಳಬೇಕು, ಪುಸ್ತಕದ ಯಾವ ಪುಟ ಎಂಬುದು ಬಾಲ್ಯದಿಂದ ಬಂದ ನಮಗೆ ಗೊತ್ತು, ಹೊಸಬರಿಗೆ ಗೊತ್ತಿಲ್ಲ. ಆರಂಭದಲ್ಲಿಯೇ ಒಂದು ನಿಮಿಷ ತಿಳಿಸಿದರೆ ಅವರು ಮುಜುಗರದಿಂದ ಪಾರಾಗುತ್ತಾರೆ. ಬೇರೆ ಸಭೆಗಳ ವಿಶ್ವಾಸಿಗಳು ಪ್ರಭುಭೋಜನಕ್ಕೆ ಮುಂದೆ ಬರಬಹುದೇ ಎಂಬುದನ್ನು ಸಭಾಪಾಲಕರು ಸೌಮ್ಯವಾಗಿ ಮೊದಲೇ ಹೇಳಿದರೆ ಯಾರೂ ತಬ್ಬಿಬ್ಬಾಗುವುದಿಲ್ಲ. ಕನ್ನಡ ಬಾರದವರ ಪಕ್ಕದಲ್ಲಿ ಯುವಜನರೊಬ್ಬರು ಕುಳಿತು ವಾಕ್ಯಭಾಗವನ್ನು ತೋರಿಸಬಹುದು. ಬೆಳೆಹಬ್ಬದ ಏಲಮ್ಮಿನಲ್ಲಿ ತೆಂಗಿನಕಾಯಿ, ಬಾಳೆಗೊನೆಗಳ ಬೆಲೆ ಕೂಗುವ ಉತ್ಸಾಹದಲ್ಲಿ ಒಂದು ಕೂಗು ಹೊಸಬರದ್ದೂ ಆಗಲಿ. ಎಲ್ಲಕ್ಕಿಂತ ಮುಖ್ಯವಾಗಿ, ಆರಾಧನೆಯ ಬಳಿಕ ತಿಂಗಳಿಗೊಮ್ಮೆಯಾದರೂ ಒಬ್ಬ ಹೊಸಬರು ನಮ್ಮ ಮನೆಯ ಊಟಕ್ಕೆ ಬರಲಿ. ಅಜರಯ್ಯನವರು ಕೇಳಿದ್ದು ಇದನ್ನೇ. ಆಮೇಲೆ, ದಿದಾಖೆ ಹೇಳಿದಂತೆ, ಅವರ ಕೈಗೂ ಕೆಲಸ ಕೊಡೋಣ: ಪಾಠ ಓದಲಿ, ಗಾಯನಮಂಡಳಿಯಲ್ಲಿ ಹಾಡಲಿ, ಸಂಡೇ ಸ್ಕೂಲಿನ ಮಕ್ಕಳಿಗೆ ಅವರ ಊರಿನ ಕಥೆ ಹೇಳಲಿ.

ಪ್ರಿಯರೇ, ಬರುವ ಭಾನುವಾರ ಸಮಾಧಾನದ ವಂದನೆಯ ಹೊತ್ತಿಗೆ ನಮ್ಮ ಬಂಧುಗಳ ಕಡೆಗೆ ತಿರುಗುವ ಮೊದಲು ಒಮ್ಮೆ ಹಿಂದಿನ ಬೆಂಚನ್ನು ನೋಡೋಣ. 2020ರ ಮಹಾಮಾರಿಯ ದಿನಗಳಿಂದ ಹಲವೆಡೆ ಕೈಹಿಡಿಯುವ ಬದಲು ಕೈಮುಗಿಯುವ ರೂಢಿ ಬಂದಿದೆ; ಯಾವುದಾದರೂ ಸರಿ, ಕಣ್ಣು ಮಾತ್ರ ಅವರ ಮುಖದ ಮೇಲಿರಲಿ. ಅಲ್ಲಿ ಕುಳಿತವರು ಏನನ್ನು ಹೊತ್ತು ಬಂದಿದ್ದಾರೋ ನಮಗೆ ತಿಳಿಯದು. ನಮ್ಮ ಮುತ್ತಜ್ಜಂದಿರು ಒಂದು ದಿನ ಅದೇ ಬೆಂಚಿನಲ್ಲಿ, ಎಲ್ಲವನ್ನೂ ಕಳೆದುಕೊಂಡು, ಯಾರಾದರೂ ಮಾತನಾಡಿಸುವರೇ ಎಂದು ಕಾದು ಕುಳಿತಿದ್ದರು. ಅಂದು ಯಾರೋ ಅವರನ್ನು ಪಂಕ್ತಿಗೆ ಕರೆದರು. ಆ ಋಣವನ್ನು ತೀರಿಸುವ ಸರದಿ ಈಗ ನಮ್ಮದು.